ಕೋವಿಯ ನಾಡಿನಲ್ಲಿ ಕ್ಯಾಮರಾ: ಕೊಡಗಿನ ಹಕ್ಕಿಗಳ ಛಾಯಾಚಿತ್ರಣವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

ಕೊಡಗಿನ ವನ್ಯಜೀವಿಗಳ ಪ್ರಸ್ತಾಪ ಬಂದಾಗಲೆಲ್ಲ ಒಂದು ಅಭಿಪ್ರಾಯವು ಸಿದ್ಧಾಂತದಂತೆ ಹೇಳಲ್ಪಡುತ್ತದೆ. ಹಿಂದಿನವರು ಕೋವಿಯನ್ನು ಹಿಡಿದು ಕಾಡಿಗೆ ಹೋಗುತ್ತಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಕ್ಯಾಮರಾವನ್ನು ಹಿಡಿದು ಹೋಗುತ್ತಿದ್ದಾರೆ. ಹೀಗೆ ಕೊಲ್ಲುವ ಹವ್ಯಾಸವು ನೋಡುವ ಹವ್ಯಾಸವಾಗಿ ಪರಿಣಮಿಸಿತು ಎಂಬುದೇ ಆ ಅಭಿಪ್ರಾಯ. ಕೇಳುವುದಕ್ಕೆ ಇದು ಹಿತವಾಗಿದೆ. ಭಾಷಣಗಳಿಗೂ ಮುನ್ನುಡಿಗಳಿಗೂ ಒದಗಿಬರುವಂತಹುದು. ಆದರೆ ಹಿತವಾದ ಮಾತೆಲ್ಲವೂ ಇತಿಹಾಸವಾಗುವುದಿಲ್ಲ. ಕೋವಿ ಎಲ್ಲಿಗೆ ಹೋಯಿತು, ಕ್ಯಾಮರಾ ಎಲ್ಲಿಂದ ಬಂದಿತು, ಇವೆರಡರ ನಡುವೆ ಇದ್ದವರು ಯಾರು ಎಂಬ ಪ್ರಶ್ನೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಸಂಗತಿಯು ಬೇರೆಯಾಗಿಯೇ ತೋರುತ್ತದೆ. ಈ ಲೇಖನದಲ್ಲಿ ನಾವು ಆ ಕೆಲಸವನ್ನು ಸಂಕ್ಷೇಪವಾಗಿ ಮಾಡಲು ಯತ್ನಿಸಿದ್ದೇವೆ.

ಮೊದಲು ಮಾತಿನ ವಿಚಾರ. ಇಂಗ್ಲಿಷ್ ಭಾಷೆಯಲ್ಲಿ ಗುಂಡು ಹಾರಿಸುವುದಕ್ಕೂ ಚಿತ್ರ ತೆಗೆಯುವುದಕ್ಕೂ ಒಂದೇ ಕ್ರಿಯಾಪದವು ಸಲ್ಲುತ್ತದೆ. ಕೋವಿಯ ಜಾಗಕ್ಕೆ ಕ್ಯಾಮರಾ ಬಂದಿತೆಂಬ ಕಥೆಯು ಆ ಭಾಷೆಯಲ್ಲಿ ಅಷ್ಟು ಸುಲಭವಾಗಿ ಹುಟ್ಟಿದುದಕ್ಕೆ ಇದೂ ಒಂದು ಕಾರಣವಿರಬಹುದು. ಕನ್ನಡದಲ್ಲಿ ನಾವು ಚಿತ್ರವನ್ನು ‘ಹೊಡೆಯು’ವುದಿಲ್ಲ, ‘ತೆಗೆಯುತ್ತೇವೆ’, ‘ಹಿಡಿಯುತ್ತೇವೆ’, ಸ್ವಲ್ಪ ಅಲಂಕಾರವಾಗಿ ಹೇಳಬೇಕಾದರೆ ‘ಸೆರೆಹಿಡಿಯುತ್ತೇವೆ’. ಹಿಡಿಯುವುದು ಕೋವಿಗಾರನ ಮಾತಲ್ಲ, ಬಲೆಗಾರನ ಮಾತು. ಅಂಟನ್ನೂ ಬಲೆಯನ್ನೂ ಹಿಡಿದು, ಹಕ್ಕಿಯ ಕೂಗನ್ನು ಅನುಕರಿಸಿ, ಎಲೆಗಳ ಮರೆಯಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿದ್ದ ಹಕ್ಕಿಹಿಡಿಯುವವನೇ ಇಂದಿನ ಪಕ್ಷಿ ಛಾಯಾಚಿತ್ರಕಾರನ ನಿಜವಾದ ಪೂರ್ವಜನೆಂದು ನಮ್ಮ ಭಾಷೆಯು ತನಗೆ ಅರಿವಿಲ್ಲದೆಯೇ ಹೇಳುತ್ತಿರುವಂತಿದೆ. ಈ ಸೂಚನೆಯನ್ನು ಮುಂದೆ ನೆನಪಿನಲ್ಲಿಡುವುದು ಒಳ್ಳೆಯದು.

ಕೊಡಗಿನಲ್ಲಿ ಕೋವಿಗೆ ಇರತಕ್ಕ ಸ್ಥಾನವು ಕರ್ನಾಟಕದ ಬೇರೆ ಯಾವ ಭಾಗದಲ್ಲಿಯೂ ಅದಕ್ಕೆ ಇಲ್ಲ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ರಾಜ್ಯವು ಕಂಪೆನಿಯ ಆಡಳಿತಕ್ಕೆ ಸೇರಿತು. ೧೮೫೭ರ ದಂಗೆಯ ತರುವಾಯ ದೇಶದಲ್ಲೆಲ್ಲ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಾಗ, ಕೊಡಗರು ತೋರಿದ ನಿಷ್ಠೆಯ ಕಾರಣವಾಗಿ ೧೮೬೧ರಲ್ಲಿ ಮಾರ್ಕ್ ಕಬ್ಬನ್ನನು ಅವರಿಗೆ ಆ ಕಾನೂನಿನಿಂದ ವಿನಾಯಿತಿಯನ್ನು ಘೋಷಿಸಿದನು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಈ ವಿನಾಯಿತಿಯು ರೂಪಾಂತರ ಹೊಂದುತ್ತ ಇಂದಿಗೂ ಉಳಿದುಬಂದಿದೆ. ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ೨೦೨೯ರವರೆಗೆ ವಿಸ್ತರಿಸಿತು, ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಐನ್‌ಮನೆಯ ಕೋಣೆಯಲ್ಲಿ ಆಯುಧಗಳನ್ನು ಸಾಲಾಗಿಟ್ಟು, ಗಂಧವನ್ನು ಹಚ್ಚಿ, ಕೋವಿಯ ಬಾಯಿಗೆ ‘ತೋಕ್ ಪೂ’ ಎಂಬ ಕೆಂಪು ಹಳದಿಯ ಹೂವನ್ನು ಸಿಕ್ಕಿಸಿ ಪೂಜಿಸುವ ಪದ್ಧತಿಯುಂಟು. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ಹಬ್ಬಕ್ಕೆ ಸೇರಿದುದು. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವಾದಾಗ ಎರಡು ಗುಂಡು, ಪುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಮತ್ತೊಂದು. ಇಂತಹ ನಾಡಿನಲ್ಲಿ ಕೋವಿಯನ್ನು ಬರಿಯ ಬೇಟೆಯ ಸಲಕರಣೆಯೆಂದು ಎಣಿಸುವುದು ತಪ್ಪು. ಆದುದರಿಂದಲೇ ಬೇಟೆಯು ನಿಂತುಹೋದ ಮೇಲೂ ಕೋವಿ ನಿಂತಿಲ್ಲ. ಕ್ಯಾಮರಾ ಬಂದುದು ಕೋವಿಯ ಸ್ಥಾನಕ್ಕಲ್ಲ, ಅದರ ಪಕ್ಕಕ್ಕೆ.

ಈ ಕೋವಿಯ ಲೋಕದಲ್ಲಿ ಹಕ್ಕಿಯ ಸ್ಥಾನವಾದರೂ ಏನು? ಹೆಚ್ಚಿನದಲ್ಲವೆಂದೇ ಹೇಳಬೇಕು. ಹುಲಿಯನ್ನು ಕೊಂದವನಿಗೆ ‘ನರಿ ಮಂಗಲ’ವೆಂಬ ಮದುವೆಯಂತಹ ಉತ್ಸವವನ್ನೇ ಮಾಡುತ್ತಿದ್ದರು, ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ. ಹಂದಿ, ಕಡವೆಗಳ ಬೇಟೆಗೆ ಊರೇ ಸೇರುತ್ತಿತ್ತು. ಕಾಡುಕೋಳಿಯೂ ಹಸಿರು ಪಾರಿವಾಳವೂ ಊಟದ ಎಲೆಗೆ ಬರುತ್ತಿದ್ದವೇ ಹೊರತು ಹಾಡಿಗೆ ಬರುವಷ್ಟು ದೊಡ್ಡ ಮಿಕಗಳಾಗಿರಲಿಲ್ಲ. ಹಳೆಯ ಮನೆಗಳ ಗೋಡೆಗಳ ಮೇಲೆ ತೂಗುಹಾಕಿರುವ ಬೇಟೆಯ ಛಾಯಾಚಿತ್ರಗಳನ್ನು ನೋಡಿದವರಿಗೆ ಇದು ತಿಳಿದ ಸಂಗತಿ. ಅವುಗಳಲ್ಲಿ ಸತ್ತ ಹುಲಿ, ಸತ್ತ ಕಾಟಿ, ಅವುಗಳ ಹಿಂದೆ ನಿಂತ ಗಂಡಸರು ಕಾಣುತ್ತಾರೆ, ಹಕ್ಕಿ ಕಾಣುವುದಿಲ್ಲ. ನೆಲದ ಮೇಲೆ ಅಲುಗಾಡದೆ ಮಲಗಿರುವ ಪ್ರಾಣಿಯ ಚಿತ್ರವನ್ನು ನಿಧಾನವಾದ ಫಲಕದ ಕ್ಯಾಮರಾವೂ ತೆಗೆಯಬಲ್ಲದಾಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ನಮ್ಮ ನಾಡಿನಲ್ಲಿ ಛಾಯಾಚಿತ್ರವು ಕಾಡಿನ ಜೀವಿಯನ್ನು ಮೊದಲು ಕಂಡದ್ದು ಹೆಣವಾಗಿಯೇ.

ಹಕ್ಕಿಗಳನ್ನು ಕುರಿತ ಶಾಸ್ತ್ರವೂ ಆ ಕಾಲದಲ್ಲಿ ಕೋವಿಯನ್ನೇ ಅವಲಂಬಿಸಿತ್ತು. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞನಿಗೆ ಹಕ್ಕಿಯೆಂದರೆ ಹೊಡೆದು, ಚರ್ಮವನ್ನು ಸುಲಿದು, ಚೀಟಿಯನ್ನು ಕಟ್ಟಿ ಪೆಟ್ಟಿಗೆಯಲ್ಲಿಟ್ಟ ಮಾದರಿ. ಮದರಾಸು ಸೈನ್ಯದ ವೈದ್ಯನಾಗಿದ್ದ ಟಿ. ಸಿ. ಜರ್ಡನ್ನನು ೧೮೬೨ರಿಂದ ೧೮೬೪ರವರೆಗೆ ಪ್ರಕಟಿಸಿದ ಭಾರತದ ಹಕ್ಕಿಗಳ ಮಹಾಗ್ರಂಥವು ಇಂತಹ ಮಾದರಿಗಳ ಮೇಲೆಯೇ ನಿಂತಿದೆ. ಕೊಡಗಿನ ಬ್ರಹ್ಮಗಿರಿಯ ಶಿಖರಗಳಲ್ಲಿಯೂ ಅದಕ್ಕೆ ಹೊಂದಿದ ವಯನಾಡಿನ ಬೆಟ್ಟಗಳಲ್ಲಿಯೂ ಮಾತ್ರ ಬದುಕಿರುವ ಒಂದು ನಗೆಮಲ್ಲಿ ಹಕ್ಕಿಗೆ ೧೮೫೧ರಲ್ಲಿ ಬ್ಲೈತನು ಜರ್ಡನ್ನನ ಹೆಸರನ್ನೇ ಇಟ್ಟನು. ಇಂದು ವಿನಾಶದ ಅಂಚಿನಲ್ಲಿರುವ ಆ ಹಕ್ಕಿಯ ಒಂದು ಒಳ್ಳೆಯ ಚಿತ್ರಕ್ಕಾಗಿ ಬೆಟ್ಟ ಹತ್ತುವವರು ಅನೇಕರಿದ್ದಾರೆ. ಅದರ ಹೆಸರಿನೊಳಗೆ ಒಂದು ಕೋವಿಯ ಸದ್ದು ಅಡಗಿದೆಯೆಂಬುದು ಅವರಲ್ಲಿ ಕೆಲವರಿಗಾದರೂ ತಿಳಿದಿರಬಹುದು.

ಕೊಡಗಿನ ಮಟ್ಟಿಗೆ ಈ ಘಟ್ಟದ ಮುಖ್ಯ ವ್ಯಕ್ತಿ ಎಫ್. ಎನ್. ಬೆಟ್ಸ್. ಈತನು ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕೊಡಗಿನಲ್ಲಿ ಕಾಫಿ ತೋಟಗಾರನಾಗಿದ್ದನು. ಯುದ್ಧದಲ್ಲಿ ಬರ್ಮಾ ಗಡಿಯ ‘ವಿ ಫೋರ್ಸ್’ ಪಡೆಯಲ್ಲಿ ಸೇವೆ ಸಲ್ಲಿಸಿ, ೧೯೪೫ರಲ್ಲಿ ನಾಗಾ ಜನರ ನಡುವೆ ಕೆಲಸ ಮಾಡಿ ಪ್ರಸಿದ್ಧಳಾಗಿದ್ದ ಅರ್ಸುಲಾ ಗ್ರಹಾಂ ಬೋವರ್ ಎಂಬಾಕೆಯನ್ನು ವಿವಾಹವಾಗಿ, ಸುಬಾನ್ಸಿರಿ ಪ್ರಾಂತದಲ್ಲಿ ರಾಜಕೀಯಾಧಿಕಾರಿಯಾಗಿದ್ದು, ತರುವಾಯ ಭಾರತವನ್ನು ಬಿಟ್ಟನು. ಆತನ ‘ಕೊಡಗಿನ ಹಕ್ಕಿಗಳು’ ಎಂಬ ದೀರ್ಘ ಲೇಖನವು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯ ಐವತ್ತನೆಯ ಸಂಪುಟದಲ್ಲಿ, ೧೯೫೧–೫೨ರಲ್ಲಿ, ಎರಡು ಕಂತುಗಳಾಗಿ ಪ್ರಕಟವಾಯಿತು. ಅಂದರೆ ಕೊಡಗು ಇನ್ನೂ ತನ್ನದೇ ಶಾಸನಸಭೆಯುಳ್ಳ ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿ. ಮೈಸೂರಿನೊಡನೆ ಅದು ವಿಲೀನವಾದುದು ೧೯೫೬ರ ನವೆಂಬರ್ ಒಂದರಂದು. ಇತಿಹಾಸದ ವಿದ್ಯಾರ್ಥಿಗಳು ಈ ಲೇಖನವನ್ನು ಪ್ರಾಣಿಶಾಸ್ತ್ರದವರಿಗೆ ಬಿಟ್ಟುಕೊಟ್ಟಿರುವುದು ಸರಿಯಲ್ಲ. ಯುದ್ಧಪೂರ್ವದ ಕೊಡಗಿನ ಕಾಡು, ಗದ್ದೆ, ತೋಟಗಳಲ್ಲಿ ಏನೇನು ವಾಸಿಸುತ್ತಿತ್ತು ಎಂಬುದಕ್ಕೆ ಅಷ್ಟು ಕ್ರಮಬದ್ಧವಾದ ಬರವಣಿಗೆಯು ದುರ್ಲಭ.

ತೋಟಗಾರನೊಬ್ಬನಿಗೆ ಈ ಕೆಲಸ ಸಾಧ್ಯವಾದುದು ಆಕಸ್ಮಿಕವಲ್ಲ. ಕಾಫಿಯ ತೋಟವು ಸ್ವಭಾವತಃ ಒಂದು ವೀಕ್ಷಣಾಲಯ. ಅಲ್ಲಿ ಕಾಡುಮರಗಳ ನೆರಳಿದೆ. ಆದರೆ ಕೆಳಗೆ ಓಡಾಡುವುದಕ್ಕೆ ದಾರಿಯಿದೆ. ತೋಟದ ಯಜಮಾನನು ಪ್ರತಿದಿನ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ನಡೆಯುತ್ತಾನೆ. ಯಾವ ಅತ್ತಿಮರ ಯಾವ ತಿಂಗಳಲ್ಲಿ ಹಣ್ಣಾಗುತ್ತದೆ, ಮಂಗಟ್ಟೆ ಯಾವ ಪೊಟರೆಗೆ ಬರುತ್ತದೆ, ನವರಂಗ ಹಕ್ಕಿಯ ಕೂಗು ಮಳೆಗಾಲ ಕಳೆದ ಮೇಲೆ ಮೊದಲು ಎಂದು ಕೇಳುತ್ತದೆ ಎಂಬುದು ಅವನಿಗೆ ಪ್ರಯತ್ನವಿಲ್ಲದೆ ತಿಳಿಯುತ್ತದೆ. ನಗರದಿಂದ ಎರಡು ದಿನಗಳ ಮಟ್ಟಿಗೆ ಬರುವವನಿಗೆ ಈ ಅನುಕೂಲವಿಲ್ಲ. ಆದರೂ ಪಕ್ಷಿ ಛಾಯಾಚಿತ್ರಣವು ನಮ್ಮ ಪ್ರಾಂತದಲ್ಲಿ ನಗರದಿಂದಲೇ ಬೆಳೆದು ಬಂದಿತೆಂಬುದು ವಿಚಿತ್ರವಾದರೂ ನಿಜ. ಅದರ ಕಾರಣವನ್ನು ಹುಡುಕಬೇಕಾದರೆ ಯಂತ್ರದ ಇತಿಹಾಸವನ್ನು ತುಸು ನೋಡಬೇಕು.

ಹಾರುವ ಹಕ್ಕಿಯನ್ನು ಹಿಡಿಯುವ ಮೊದಲ ಯಂತ್ರವು ಕೋವಿಯ ಆಕಾರದಲ್ಲಿಯೇ ಇತ್ತು. ೧೮೮೨ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ ಎಂಬುವನು ಹಿಡಿ, ನಳಿಗೆ, ಕುದುರೆಗಳನ್ನುಳ್ಳ ‘ಛಾಯಾಚಿತ್ರದ ಬಂದೂಕ’ನ್ನು ನಿರ್ಮಿಸಿ, ಸೆಕೆಂಡಿಗೆ ೧೨ರಂತೆ ಹಕ್ಕಿಯ ರೆಕ್ಕೆಬಡಿತದ ಚಿತ್ರಗಳನ್ನು ಪಡೆದನು. ಆದರೆ ಅದು ಪ್ರಯೋಗಶಾಲೆಯ ಉಪಕರಣ. ಹವ್ಯಾಸದ ದಾರಿಯನ್ನು ತೆರೆದವರು ಇಂಗ್ಲೆಂಡಿನ ಕೀರ್ಟನ್ ಸಹೋದರರು. ೧೮೯೨ರಲ್ಲಿ ಒಂದು ಗೂಡಿನ ಮೊಟ್ಟೆಗಳ ಚಿತ್ರದಿಂದ ಆರಂಭಿಸಿ, ೧೮೯೫ರಲ್ಲಿ ಕಾಡಿನಲ್ಲಿಯೇ ತೆಗೆದ ಚಿತ್ರಗಳಿಂದ ತುಂಬಿದ ಪುಸ್ತಕವನ್ನು ಹೊರತಂದರು. ಹಕ್ಕಿಗಳಿಗೆ ಗೋಚರವಾಗದಂತೆ ಸತ್ತ ಎತ್ತಿನ ತೊಗಲೊಳಗೆ ಕುಳಿತು ಕಾಯುವ ಉಪಾಯವನ್ನೂ ಮಾಡಿದರು. ಭಾರತದಲ್ಲಿ ಇದೇ ಮಾರ್ಗವನ್ನು ಹಿಡಿದವರು ಸೇನಾಧಿಕಾರಿಗಳೂ ರೈಲ್ವೆಯ ಅಧಿಕಾರಿಗಳೂ ಆದ ಆಂಗ್ಲರು. ಆರ್. ಎಸ್. ಪಿ. ಬೇಟ್ಸ್‌ನ ಪುಸ್ತಕವು ೧೯೩೧ರಲ್ಲಿಯೂ ಇ. ಎಚ್. ಎನ್. ಲೋಥರನದು ೧೯೪೯ರಲ್ಲಿಯೂ ಪ್ರಕಟವಾದುವು. ಹುಲಿಯ ವಿಚಾರದಲ್ಲಿ ಎಫ್. ಡಬ್ಲ್ಯೂ. ಚಾಂಪಿಯನ್ನನು ೧೯೨೭ರಷ್ಟು ಹಿಂದೆಯೇ ಇದೇ ಮಾತನ್ನು ಪುಸ್ತಕರೂಪದಲ್ಲಿ ಹೇಳಿದ್ದನು.

ಇವರೆಲ್ಲರ ವಿಧಾನವು ಒಂದೇ: ಗೂಡು. ಫಿಲ್ಮು ಮಂದ, ಮಸೂರ ಗಿಡ್ಡ, ಕ್ಯಾಮರಾ ಭಾರ. ಹೀಗಿರುವಾಗ ಹಕ್ಕಿಯು ತಾನಾಗಿ ಮತ್ತೆ ಮತ್ತೆ ಬಂದು ಕೂರುವ ಒಂದು ನಿಶ್ಚಿತ ಸ್ಥಳ ಬೇಕು; ಅಂತಹ ಸ್ಥಳ ಗೂಡೊಂದೇ. ಗೂಡಿಗೆ ಕೆಲವು ಅಡಿಗಳ ದೂರದಲ್ಲಿ ಬಟ್ಟೆಯ ಮರೆಯನ್ನು ಕಟ್ಟಿ, ಅದನ್ನು ದಿನಕ್ಕಿಷ್ಟು ಹತ್ತಿರ ಸರಿಸಿ, ಚಿತ್ರಕ್ಕೆ ಅಡ್ಡಬರುವ ರೆಂಬೆಗಳನ್ನು ಕಟ್ಟಿಯೋ ಕತ್ತರಿಸಿಯೋ, ಹಕ್ಕಿಗೆ ಮರೆಯು ಒಗ್ಗಿದ ಮೇಲೆ ಒಳಗೆ ಕುಳಿತು ಕಾಯುವುದು. ಒಳ್ಳೆಯ ಛಾಯಾಚಿತ್ರಕಾರನು ರೆಂಬೆಯನ್ನು ಕತ್ತರಿಸದೆ ಕಟ್ಟುತ್ತಿದ್ದನು, ಕೆಲಸ ಮುಗಿದ ಮೇಲೆ ಬಿಚ್ಚುತ್ತಿದ್ದನು. ಆದರೆ ಎಲ್ಲರೂ ಒಳ್ಳೆಯವರಾಗಿರುವುದಿಲ್ಲ. ಎಲೆಯ ಮುಸುಕನ್ನು ಕಳೆದುಕೊಂಡ ಗೂಡು ಬಿಸಿಲಿಗೂ ಕಾಗೆಗೂ ಕೆಂಬೂತಕ್ಕೂ ಕೇರೆಹಾವಿಗೂ ತೆರೆದುಕೊಳ್ಳುತ್ತದೆ. ಗುಂಡು ಹಾರದಿದ್ದರೂ ಸಂತಾನವು ನಾಶವಾಗುತ್ತದೆ. ಕ್ಯಾಮರಾವು ಅಹಿಂಸೆಯ ಉಪಕರಣವೆಂದು ಪ್ರಾರಂಭದಿಂದಲೂ ಭಾವಿಸಿರುವುದು ಅರ್ಧಸತ್ಯವೆಂದು ನಾವು ಹೇಳುವುದು ಇದೇ ಕಾರಣದಿಂದ. ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಆದರೆ ಹಿಂದಿನ ತಲೆಮಾರಿನ ಶ್ರೇಷ್ಠವೆನಿಸಿದ ಚಿತ್ರಗಳಲ್ಲಿ ಬಹುಭಾಗವು ಗೂಡಿನವೇ ಎಂಬುದನ್ನು ಅವರ ನ್ಯೂನತೆಯೆಂದಲ್ಲ, ಅವರ ಯಂತ್ರದ ಮಿತಿಯೆಂದು ಓದಬೇಕು.

ಸ್ವಾತಂತ್ರ್ಯಾನಂತರ ಈ ಹವ್ಯಾಸವು ಭಾರತೀಯರ ಕೈಗೆ ಬಂದಾಗ ಅದರ ಕೇಂದ್ರವಾದುದು ಬೆಂಗಳೂರು. ಒ. ಸಿ. ಎಡ್ವರ್ಡ್ಸ್ ಎಂಬುವರ ಬಳಿ ಪಾಠ ಕಲಿತ ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭), ಅವರ ಸಮಕಾಲೀನರಾದ ಇ. ಹನುಮಂತರಾವ್, ಸಂಡೂರಿನ ರಾಜಮನೆತನದವರೂ ರಾಜ್ಯದ ಅರ್ಥಮಂತ್ರಿಗಳೂ ಆಗಿದ್ದ ಎಂ. ವೈ. ಘೋರ್ಪಡೆ (೧೯೩೧–೨೦೧೧) ಮೊದಲಾದವರು ಈ ಪರಂಪರೆಯನ್ನು ಕಟ್ಟಿದರು. ಘೋರ್ಪಡೆಯವರ ಚಿತ್ರಸಹಿತವಾದ ದಿನಚರಿಯು ೧೯೮೩ರಲ್ಲಿ ಪುಸ್ತಕವಾಯಿತು. ಕ್ಯಾಮರಾ ಹಿಡಿದು ಕಾಡಿಗೆ ಹೋಗುವುದು ಸುಲಭ. ತೆಗೆದುದನ್ನು ತೊಳೆದು, ಮುದ್ರಿಸಿ, ತಿಳಿದವರ ಮುಂದಿಟ್ಟು, ತಪ್ಪುಗಳನ್ನು ಹೇಳಿಸಿಕೊಳ್ಳುವುದಕ್ಕೆ ಸಂಘ ಬೇಕು, ಕತ್ತಲೆಕೋಣೆ ಬೇಕು, ಅಂಗಡಿ ಬೇಕು. ಇವೆಲ್ಲ ಇದ್ದುದು ನಗರದಲ್ಲಿ. ಫಿಲ್ಮಾದರೋ ವಿದೇಶದಿಂದ ಬರತಕ್ಕದ್ದು. ಆಮದಿನ ಮೇಲೆ ಬಿಗಿಯಾದ ನಿಯಂತ್ರಣ. ಕೊಡಗಿಗೆ ಬಹುದೂರವಲ್ಲದ ನೀಲಗಿರಿಯ ಉದಕಮಂಡಲದಲ್ಲಿ ಸರ್ಕಾರವು ೧೯೬೦ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ದೇಶೀಯ ಕಪ್ಪುಬಿಳುಪು ಫಿಲ್ಮು ದೊರೆಯತೊಡಗಿತು. ಒಂದು ಸುರುಳಿಯಲ್ಲಿ ೩೬ ಚಿತ್ರಗಳು. ಅದಕ್ಕಿಂತ ಹೆಚ್ಚು ಸಲ ಗುಂಡಿಯೊತ್ತಬೇಕಾದರೆ ಮನೆಯ ಖರ್ಚನ್ನು ಲೆಕ್ಕ ಹಾಕಬೇಕಾಗಿತ್ತು.

ಕೊಡಗಿನ ಹವೆಯೂ ಈ ಹವ್ಯಾಸಕ್ಕೆ ಅನುಕೂಲವಾಗಿರಲಿಲ್ಲವೆಂಬುದನ್ನು ಸೇರಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಎಡೆಬಿಡದ ಮಳೆ, ಮಸೂರದೊಳಗೆ ಜೇಡರಬಲೆಯಂತೆ ಹಬ್ಬುವ ಬೂಷ್ಟು, ಕಾಲಿಗೆ ಜಿಗಣೆ. ನಿತ್ಯಹರಿದ್ವರ್ಣದ ಕಾಡಿನೊಳಗೆ ಮಧ್ಯಾಹ್ನದಲ್ಲಿಯೂ ಮಂಕಾದ ಬೆಳಕು. ಕೆಂಪು ಹೊಟ್ಟೆಯ ಕಾಕರಣೆ ಹಕ್ಕಿಯು ಹತ್ತು ಮಾರು ದೂರದಲ್ಲಿ ನಿಶ್ಚಲವಾಗಿ ಕುಳಿತಿದ್ದರೂ ಆ ಕಾಲದ ಫಿಲ್ಮಿನ ಮೇಲೆ ಅದು ಕಪ್ಪು ಮಚ್ಚೆಯಾಗಿ ಮಾತ್ರ ಮೂಡುತ್ತಿತ್ತು. ನೀರುಹಕ್ಕಿಗಳ ಚಿತ್ರಗಳು ರಂಗನತಿಟ್ಟಿನಲ್ಲಿ ಹೇರಳವಾಗಿ ತೆಗೆಯಲ್ಪಟ್ಟು, ಕೊಡಗಿನ ಕಾಡುಹಕ್ಕಿಗಳವು ಅಪೂರ್ವವಾಗಿದ್ದುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಅಲ್ಲಿ ಬಯಲು ಬೆಳಕು. ಇಲ್ಲಿ ಮರದ ನೆರಳು.

ಮಲೆನಾಡಿನ ನೆರಳಿನಲ್ಲಿಯೇ ವಾಸವಾಗಿದ್ದು ಈ ಕಷ್ಟವನ್ನು ಎದುರಿಸಿದ ಕನ್ನಡಿಗರಲ್ಲಿ ಮೊದಲು ನೆನೆಯಬೇಕಾದವರು ಪೂರ್ಣಚಂದ್ರ ತೇಜಸ್ವಿ (೧೯೩೮–೨೦೦೭). ಅವರ ಊರು ಕೊಡಗಲ್ಲ, ಮೂಡಿಗೆರೆ. ಆದರೆ ಕಾಫಿ, ಮಳೆ, ಕೋವಿ, ಹಕ್ಕಿ ನಾಲ್ಕೂ ಒಂದೇ. ಕೋವಿ, ಗಾಳ, ಕ್ಯಾಮರಾ ಮೂರನ್ನೂ ಕೈಯಲ್ಲಿ ಹಿಡಿದು, ಯಾವುದನ್ನೂ ಮುಚ್ಚಿಡದೆ ಬರೆದ ಅವರು ‘ಕನ್ನಡನಾಡಿನ ಹಕ್ಕಿಗಳು’ ಎಂಬ ಪುಸ್ತಕವನ್ನೂ ಕೊಟ್ಟರು. ಬೇಟೆಗಾರನೊಬ್ಬನು ಒಂದು ಬೆಳಗ್ಗೆ ಎದ್ದು ಪಶ್ಚಾತ್ತಾಪದಿಂದ ಛಾಯಾಚಿತ್ರಕಾರನಾದನೆಂಬ ಕಥೆಯು ಅವರ ವಿಷಯದಲ್ಲಿ ಹೊಂದುವುದಿಲ್ಲ. ಕುತೂಹಲವೊಂದೇ ಆಗಿದ್ದು ಉಪಕರಣಗಳು ಬದಲಾದುವು ಎಂಬುದೇ ಹೆಚ್ಚು ಸರಿಯೆಂದು ನಮಗೆ ತೋರುತ್ತದೆ. ಕೊಡಗಿನಲ್ಲಿ ವಿರಾಜಪೇಟೆಯ ವೈದ್ಯರಾದ ಡಾ. ಎಸ್. ವಿ. ನರಸಿಂಹನ್ ಅವರು ‘ಕೊಡಗಿನ ಖಗರತ್ನಗಳು’ ಎಂಬ ಕೈಪಿಡಿಯನ್ನು ಕನ್ನಡದಲ್ಲಿ ರಚಿಸಿದರು. ಇದರ ವಿಶೇಷವೇನೆಂದರೆ ಹಕ್ಕಿಗಳನ್ನು ಅವರು ಕುಂಚದಿಂದ ಬರೆದಿದ್ದಾರೆ. ಕ್ಯಾಮರಾ ಒಂದು ಹಕ್ಕಿಯನ್ನು ಒಂದು ಕ್ಷಣದಲ್ಲಿ ಕಾಣುತ್ತದೆ. ಚಿತ್ರಕಾರನು ನೂರು ಸಲ ಕಂಡ ಹಕ್ಕಿಗಳನ್ನು ಒಂದರೊಳಗೆ ಸೇರಿಸುತ್ತಾನೆ. ಗುರುತು ಹಿಡಿಯಲು ಕಲಿಯುವ ವಿದ್ಯಾರ್ಥಿಗೆ ಎರಡನೆಯದೇ ಹೆಚ್ಚು ಉಪಯುಕ್ತವೆಂಬುದು ನಮ್ಮ ಅಭಿಪ್ರಾಯ. ಇದನ್ನು ಛಾಯಾಚಿತ್ರದ ಅಭಿಮಾನಿಗಳು ಒಪ್ಪಲಾರರು.

ಇನ್ನು ಕಾನೂನಿನ ವಿಚಾರ. ೧೯೧೨ರ ಕಾಯಿದೆಯು ಹಕ್ಕಿಗಳನ್ನು ಕೊಲ್ಲಬಾರದ ಋತುವನ್ನು ಗೊತ್ತುಮಾಡುವುದಕ್ಕೆ ಅವಕಾಶ ಕೊಟ್ಟಿತು, ಬೇಟೆಯನ್ನು ನಿಲ್ಲಿಸಲಿಲ್ಲ. ನಾಗರಹೊಳೆಯು ೧೯೫೫ರಲ್ಲಿ ಅಭಯಾರಣ್ಯವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಿಜವಾದ ತಿರುವು ಬಂದಿತು. ಅದರಲ್ಲಿ ಉಳಿದಿದ್ದ ಬೇಟೆಯ ಪರವಾನಗಿಯ ಬಾಗಿಲನ್ನು ೧೯೯೧ರ ತಿದ್ದುಪಡಿಯು ಮುಚ್ಚಿತು. ಬ್ರಹ್ಮಗಿರಿ ೧೯೭೪ರಲ್ಲಿಯೂ ಪುಷ್ಪಗಿರಿ ಮತ್ತು ತಲಕಾವೇರಿ ೧೯೮೭ರಲ್ಲಿಯೂ ಅಭಯಾರಣ್ಯಗಳಾದುವು. ಇಲ್ಲಿ ಸಾಮಾನ್ಯವಾಗಿ ಗಮನಿಸದಿರುವ ಒಂದು ಅಂಶವಿದೆ. ೧೯೭೨ರ ಕಾಯಿದೆಯ ೨೮ನೆಯ ಪ್ರಕರಣವು ಅಭಯಾರಣ್ಯದೊಳಕ್ಕೆ ಪ್ರವೇಶಿಸಲು ಅನುಮತಿ ಕೊಡಬಹುದಾದ ಉದ್ದೇಶಗಳನ್ನು ಎಣಿಸುವಾಗ ಛಾಯಾಚಿತ್ರಣವನ್ನು ಹೆಸರಿಸಿ ಹೇಳುತ್ತದೆ. ಅಂದರೆ ಕೋವಿಗೆ ಮುಚ್ಚಿದ ಬಾಗಿಲನ್ನು ಕ್ಯಾಮರಾಕ್ಕೆ ಅದೇ ಶಾಸನವು ತೆರೆಯಿತು. ಮನಸ್ಸು ಬದಲಾದುದರಿಂದ ಹವ್ಯಾಸವು ಬದಲಾಯಿತೆನ್ನುವವರು ಈ ಕಾಲಾನುಕ್ರಮವನ್ನು ನೋಡಬೇಕು. ಬಹುಮಂದಿಯ ವಿಷಯದಲ್ಲಿ ಶಾಸನ ಮೊದಲು, ಮನಸ್ಸು ತರುವಾಯ. ೨೦೨೨ರ ತಿದ್ದುಪಡಿಯು ಆ ಪ್ರಕರಣಕ್ಕೆ ಒಂದು ನಿಬಂಧನೆಯನ್ನು ಸೇರಿಸಿದೆ: ಆವಾಸಸ್ಥಾನದಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ಅದಕ್ಕಾಗಲಿ ವನ್ಯಜೀವಿಗಾಗಲಿ ಕೇಡಾಗದಂತೆ ಚಿತ್ರ ತೆಗೆಯಬೇಕು. ಕ್ಯಾಮರಾದಿಂದಲೂ ಕೇಡು ಸಂಭವಿಸುವುದೆಂದು ಶಾಸನವು ಒಪ್ಪಿಕೊಳ್ಳುವುದಕ್ಕೆ ಐವತ್ತು ವರ್ಷಗಳು ಬೇಕಾದುವು.

ಆ ಐವತ್ತು ವರ್ಷಗಳ ಕೊನೆಯ ಭಾಗದಲ್ಲಿ ಫಿಲ್ಮು ಹೋಗಿ ಡಿಜಿಟಲ್ ಕ್ಯಾಮರಾ ಬಂದಿತು. ಗುಂಡಿಯೊತ್ತುವುದಕ್ಕೆ ಖರ್ಚಿಲ್ಲವಾಯಿತು, ಮಂದಬೆಳಕಿನ ತೊಡಕು ಬಹುಮಟ್ಟಿಗೆ ನೀಗಿತು. ಮಾರೆಯ ಬಂದೂಕು ಸೆಕೆಂಡಿಗೆ ೧೨ ಚಿತ್ರಗಳನ್ನು ತೆಗೆದರೆ ಇಂದಿನ ಸಾಧಾರಣ ಹವ್ಯಾಸಿಯ ಕ್ಯಾಮರಾವೂ ಅಷ್ಟನ್ನು ತೆಗೆಯಬಲ್ಲದು. ಗೂಡಿನ ಹಂಗು ತಪ್ಪಿತು. ಆದರೆ ಹೊಸ ಹಂಗುಗಳು ಹುಟ್ಟಿಕೊಂಡುವು. ತೋಟದ ಮೂಲೆಯಲ್ಲಿ ನೀರಿನ ತೊಟ್ಟಿಯನ್ನಿಟ್ಟು, ಮುಂದೆ ಚೆಲುವಾದ ಒಣಕೊಂಬೆಯನ್ನು ನೆಟ್ಟು, ಹಿಂದೆ ಹಸಿರು ಪರದೆಯ ಮರೆಯನ್ನು ಕಟ್ಟಿ, ಹಕ್ಕಿ ಬರುವ ಹೊತ್ತಿಗೆ ಅತಿಥಿಗಳನ್ನು ಕೂರಿಸುವ ವ್ಯವಸ್ಥೆಯು ಪಶ್ಚಿಮಘಟ್ಟದ ಅನೇಕ ಕಡೆ ಕಾಣಬರುತ್ತದೆ. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಎದುರಿಗೆ ಕರೆಯುವುದೂ ಉಂಟು. ತನ್ನ ಎಲ್ಲೆಯೊಳಗೆ ಮತ್ತೊಂದು ಗಂಡು ಬಂದಿತೆಂಬ ಭ್ರಮೆಯಿಂದ ಅದು ಹಾರಿ ಬರುತ್ತದೆ, ಮರಿಗಳಿಗೆ ಉಣಿಸಬೇಕಾದ ಹೊತ್ತನ್ನು ಇಲ್ಲದ ಶತ್ರುವಿಗಾಗಿ ಕಳೆಯುತ್ತದೆ. ಕಾಳು, ನೀರು, ಮರೆ, ಹುಸಿಗೂಗು! ಹಕ್ಕಿಹಿಡಿಯುವವನ ಚೀಲದಲ್ಲಿದ್ದ ಸಾಮಗ್ರಿಗಳೆಲ್ಲ ಬಲೆಯೊಂದನ್ನುಳಿದು ಮತ್ತೆ ಹೊರಬಂದಿವೆ. ಮೇಲೆ ಹೇಳಿದ ಮಾತಿನ ಸೂಚನೆಯನ್ನು ಇಲ್ಲಿ ನೆನೆಯಬಹುದು. ನೀರಿನ ತೊಟ್ಟಿಯನ್ನು ನಾವು ಹುಸಿಗೂಗಿನ ಸಾಲಿಗೆ ಸೇರಿಸುವುದಿಲ್ಲ. ಕಡುಬೇಸಗೆಯಲ್ಲಿ ಅದರಿಂದ ಹಕ್ಕಿಗೆ ಉಪಕಾರವೇ ಆಗಬಹುದು. ಹುಸಿಗೂಗಿನಿಂದ ಹಕ್ಕಿಗೆ ಆಗುವ ಉಪಕಾರವೇನೂ ಇಲ್ಲ.

ಛಾಯಾಚಿತ್ರದ ಕೆಳಗೆ ಯಾರ ಹೆಸರಿರುತ್ತದೆ ಎಂಬುದೂ ಇತಿಹಾಸಕ್ಕೆ ಸೇರಿದ ಪ್ರಶ್ನೆ. ಕೊಡಗಿನ ಕಾಡುಗಳಲ್ಲಿ ಹಕ್ಕಿಯ ನೆಲೆಯನ್ನು ತೋರಿಸಬಲ್ಲವರು ಬಹುಕಾಲದಿಂದ ಜೇನುಕುರುಬರು, ಬೆಟ್ಟಕುರುಬರು ಮತ್ತು ಯರವರು. ಬೇಟೆಯ ಕಾಲದಲ್ಲಿ ಜಾಡನ್ನು ಹಿಡಿದವರು ಇವರು. ಮಿಕದ ಮೇಲೆ ಕಾಲಿಟ್ಟು ನಿಂತವರು ಬೇರೆ. ಕ್ಯಾಮರಾದ ಕಾಲದಲ್ಲಿಯೂ ಕಪ್ಪೆಬಾಯಿ ಹಕ್ಕಿಯು ಒಣಗಿದ ಎಲೆಯಂತೆ ಕುಳಿತಿರುವ ಕೊಂಬೆಯನ್ನು ಬೆರಳು ಮಾಡಿ ತೋರಿಸುವವನ ಹೆಸರು ಚಿತ್ರದ ಕೆಳಗೆ ಬರುವುದು ಅಪರೂಪ. ನಾಗರಹೊಳೆಯಂತಹ ರಕ್ಷಿತಾರಣ್ಯಗಳಿಂದ ಹೊರಬಂದ ಕುಟುಂಬಗಳಿಗೆ ಕಾಡಿನೊಳಗೆ ತಮ್ಮ ಹಾಡಿಗಳ ಜಾಗಕ್ಕೆ ಹೋಗುವುದಕ್ಕಿಂತ, ಚಿತ್ರ ತೆಗೆಯುವವರಿಗೆ ಸಫಾರಿಯ ಚೀಟಿಯನ್ನು ಪಡೆದು ಹೋಗುವುದು ಸುಲಭವಾಗಿದೆ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯ ಮೇಲೂ ಈ ವ್ಯಾಜ್ಯ ಮುಗಿದಿಲ್ಲ. ಕೋವಿಯಿಂದ ಕ್ಯಾಮರಾಕ್ಕೆ ಬಂದೆವೆಂದು ಹೆಮ್ಮೆಪಡುವಾಗ, ಯಾವುದು ಬದಲಾಗದೆ ಉಳಿಯಿತು ಎಂಬುದನ್ನೂ ಬರೆದಿಡುವುದು ಇತಿಹಾಸಕಾರನ ಕರ್ತವ್ಯ.

ಇಷ್ಟೆಲ್ಲ ಆದಮೇಲೂ ಈ ಹವ್ಯಾಸವನ್ನು ನಾವು ಮುಖ್ಯವೆಂದು ಎಣಿಸುವುದಕ್ಕೆ ಒಂದು ಬಲವಾದ ಕಾರಣವಿದೆ: ದಿನಾಂಕವೂ ಸ್ಥಳವೂ ಇರುವ ಹಕ್ಕಿಯ ಚಿತ್ರವು ಒಂದು ದಾಖಲೆ. ಶಾಸನಕ್ಕೆ ಹೇಗೋ ಹಾಗೆ ಅದಕ್ಕೂ ತಿಥಿಯೇ ಪ್ರಾಣ. ೧೯೯೦ರ ದಶಕದಲ್ಲಿ ಭಾರತದಲ್ಲೆಲ್ಲ ರಣಹದ್ದುಗಳು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧದಿಂದ ಸತ್ತು ವಿರಳವಾದುವು. ೨೦೦೬ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧವು ನಿಷೇಧಿಸಲ್ಪಟ್ಟಿತು. ಅದಕ್ಕೆ ಮೊದಲು ಯಾರೋ ಉದಾಸೀನವಾಗಿ ತೆಗೆದ, ಸತ್ತ ದನವನ್ನು ಮುತ್ತಿದ ಹದ್ದುಗಳ ಚಿತ್ರಕ್ಕೆ ಇಂದು ಇರುವ ಬೆಲೆಯು ಯಾವ ಬಹುಮಾನಿತ ಚಿತ್ರಕ್ಕೂ ಇಲ್ಲ. ಆದರೆ ಅದರ ಹಿಂದೆ ಊರು, ತಿಂಗಳು, ವರ್ಷ ಬರೆದಿರಬೇಕು. ಬರೆಯದಿದ್ದರೆ ಅದು ಹದ್ದಿನ ಚಿತ್ರ ಮಾತ್ರ.

ಕೊಡಗಿನಲ್ಲಿ ಈ ದಾಖಲೆಯಿಂದ ಬಗೆಹರಿಸಬಹುದಾದ ಒಂದು ದೊಡ್ಡ ಪ್ರಶ್ನೆ ತೋಟದ ನೆರಳನ್ನು ಕುರಿತದ್ದು. ೧೮೯೯ರ ಕೊಡಗು ಭೂಕಂದಾಯ ನಿಬಂಧನೆಯ ಕಾಲದಿಂದ ಬಾಣೆ ಜಮೀನುಗಳ ಮರದ ಹಕ್ಕು ಒಂದು ತೀರದ ವಿವಾದ. ಸರ್ಕಾರಕ್ಕೆ ಮರದ ಬೆಲೆಯನ್ನು ತೆತ್ತು ಬಿಡಿಸಿಕೊಳ್ಳದ ಜಮೀನಿನಲ್ಲಿ ಬೀಟೆ, ನಂದಿ, ಹಲಸುಗಳಂತಹ ನಾಡಮರಗಳನ್ನು ಹಿಡುವಳಿದಾರನು ಸ್ವಂತ ಲಾಭಕ್ಕೆ ಕಡಿಯುವಂತಿಲ್ಲ. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರವನ್ನಾದರೋ ನೆಟ್ಟವನೇ ಕಡಿದು ಮಾರಬಹುದು. ಹೀಗೆ ಕಾನೂನೇ ತೋಟಗಾರನನ್ನು ಪರದೇಶದ ಮರದೆಡೆಗೆ ನೂಕಿತು. ಸಿಲ್ವರ್ ಓಕ್ ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ಬೇಗ ಬೆಳೆಯುತ್ತದೆ. ಆದರೆ ಅದರಲ್ಲಿ ಮಂಗಟ್ಟೆಗೆ ಪೊಟರೆಯಿಲ್ಲ, ಕುಟ್ರುಹಕ್ಕಿಗೆ ಹಣ್ಣಿಲ್ಲ. ಬೆಟ್ಸನು ನಡೆದಾಡಿದ ತೋಟಗಳ ನೆರಳಿಗೂ ಇಂದಿನ ನೆರಳಿಗೂ ಇರುವ ಅಂತರವನ್ನು ಕಂದಾಯದ ಕಡತಗಳಿಂದ ಅರ್ಧ ತಿಳಿಯಬಹುದು. ಉಳಿದರ್ಧವು ಹಕ್ಕಿಗಳ ಚಿತ್ರಗಳಲ್ಲಿದೆ. ೧,೨೧೪ ಎಂದು ಎಣಿಸಲಾಗಿರುವ ದೇವರಕಾಡುಗಳಲ್ಲಿ ತೆಗೆದ ಚಿತ್ರಗಳನ್ನು ಪಕ್ಕದ ತೋಟಗಳಲ್ಲಿ ತೆಗೆದವುಗಳೊಡನೆ ಹೋಲಿಸಿದರೆ ಈ ವಿಚಾರವು ಇನ್ನಷ್ಟು ಸ್ಪಷ್ಟವಾದೀತು.

ಆದರೆ ಆ ಚಿತ್ರಗಳು ಎಲ್ಲಿವೆ? ಫಿಲ್ಮಿನ ಕಾಲದವು ಮನೆಗಳ ಬೀರುಗಳಲ್ಲಿ ಮಳೆಗಾಲಕ್ಕೊಮ್ಮೆ ಬೂಷ್ಟು ಹಿಡಿಯುತ್ತ ಕುಳಿತಿವೆ. ತೆಗೆದವರು ತೀರಿಕೊಂಡರೆ ಮನೆ ಚೊಕ್ಕಟ ಮಾಡುವ ಹೊತ್ತಿಗೆ ಅವು ಗುಜರಿಗೆ ಹೋಗುತ್ತವೆ. ಡಿಜಿಟಲ್ ಕಾಲದವು ಲಕ್ಷಗಟ್ಟಲೆ ಇದ್ದರೂ, ಹಳೆಯ ಗಣಕಯಂತ್ರಗಳೊಡನೆ ನಾಶವಾಗುತ್ತಿವೆ. ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಸಣ್ಣ ಪ್ರಬಂಧಕ್ಕೆ ವಿಷಯ ಸಿಗಲಿಲ್ಲವೆಂದು ಪ್ರತಿವರ್ಷ ಹೇಳುವುದುಂಟು. ಬೆಟ್ಸನ ಎರಡು ಕಂತುಗಳನ್ನು ಮುಂದಿಟ್ಟುಕೊಂಡು, ಒಂದೇ ಒಂದು ನಾಡಿನ ಹತ್ತು ಮನೆಗಳಿಗೆ ಹೋಗಿ, ಬೀರುವಿನಲ್ಲಿರುವ ಚಿತ್ರಗಳ ಹಿಂಬದಿಯಲ್ಲಿ ಏನು ಬರೆದಿದೆಯೆಂದು ನೋಡಿ, ಬರೆಯದಿದ್ದುದನ್ನು ಮನೆಯ ಹಿರಿಯರಿಂದ ಕೇಳಿ, ಒಂದು ಪಟ್ಟಿಯನ್ನು ಸಿದ್ಧಪಡಿಸಬಹುದು. ಪುತ್ತರಿಯ ನಂತರ, ಕಾಫಿಯ ಕೊಯ್ಲು ಬಿರುಸಾಗುವ ಮೊದಲು ಹೋದರೆ ಮನೆಯಲ್ಲಿ ಮಾತಾಡುವುದಕ್ಕೆ ಜನ ಸಿಗುತ್ತಾರೆ.